ಬಶೀರನ ಅಂಟು ಹಾಳೆಗಳ ನಕ್ಷೆ

ಬಶೀರ್ ಕಂಪ್ಯೂಟರಿನ ಮುಂದೆ ಕೂತು ಕೆಲಸ ಮಾಡಿದ್ದನ್ನು ನಾನು ನೋಡಿಲ್ಲ. ನಿಂತೇ ಮಾಡುತ್ತಿದ್ದ. ಕುರ್ಚಿಯನ್ನು ಮೊಣಕಾಲಿನಿಂದ ಹಿಂದಕ್ಕೆ ತಳ್ಳಿ, ಎಡಗಣ್ಣು ಮುಚ್ಚಿ, ಎರಡು ಹೆಜ್ಜೆ ಸರಿದು ಪರದೆಯನ್ನು ನೋಡುವನು. ಅವನ ಅಪ್ಪ ಹುಣಸೂರಿನಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದವರು. ಆ ಚಾಳಿ ಅಲ್ಲಿಂದ ಬಂದದ್ದು. ನೋಡಿದವರೆಲ್ಲ ನಗುತ್ತಿದ್ದರು. ನಾನು ನಗುತ್ತಿರಲಿಲ್ಲ. ಅವನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ, ಮುಚ್ಚುಮರೆ ಯಾಕೆ.

ಎರಡು ಸಾವಿರದ ಇಸವಿಯ ಆಸುಪಾಸು. ಹೆಗ್ಗಡದೇವನಕೋಟೆಯಲ್ಲಿ, ನಮ್ಮ ಬಾಯಲ್ಲಿ ಬರೀ ಕೋಟೆ, ಕೆರೆ ಹೂಳು ತೆಗೆಸುವ, ಗಿಡ ನೆಡಿಸುವ ಸಂಸ್ಥೆಯೊಂದರಲ್ಲಿ ನಾವಿಬ್ಬರೂ ಹಂಗಾಮಿ ನೌಕರರು. ನಾನು ಗಾವಡಗೆರೆಯವನು, ಮೈಸೂರಿನಲ್ಲಿ ಆರು ತಿಂಗಳು ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವುದನ್ನು ಕಲಿತು ಬಂದಿದ್ದೆ. ಕಲಿತದ್ದು ದೊಡ್ಡ ಕಂಪನಿಯ ಸಾಫ್ಟ್‌ವೇರ್, ದೊಡ್ಡ ದೊಡ್ಡ ಕಚೇರಿಗಳೆಲ್ಲ ನಂಬಿದ್ದು. ಅದು ಓಡಬೇಕಾದರೆ ಕಂಪ್ಯೂಟರಿನ ಹಿಂದೆ ಬೀಗದಂಥದೊಂದು ತುಂಡು ಸಿಕ್ಕಿಸಬೇಕು. ಊಟಕ್ಕೆ ಹೋಗುವಾಗಲೂ ಅದನ್ನು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಬಶೀರ್ ಎಲ್ಲಿಂದಲೋ ಒಂದು ಅಗ್ಗದ ಸಾಫ್ಟ್‌ವೇರ್ ತಂದ. ಒಂದೇ ಸೀಡಿ, ಯಾವ ಹಳೇ ಕಂಪ್ಯೂಟರಿಗೆ ಹಾಕಿದರೂ ಓಡುವುದು. ಪುಸ್ತಕ ನೋಡಿಕೊಂಡು ಹದಿನೈದು ದಿನದಲ್ಲಿ ತಾನೇ ಕಲಿತ. ನನ್ನ ಆರು ತಿಂಗಳಿಗೆ ಏನು ಬೆಲೆ ಬಂತು, ನೀವೇ ಹೇಳಿ.

ಸಂಸ್ಥೆಯ ಮುಖ್ಯಸ್ಥೆಯನ್ನು ನಾವು ಮೇಡಂ ಎನ್ನುತ್ತಿದ್ದೆವು. ಅವರು ಪರೀಕ್ಷೆ ಇಟ್ಟರು. ಅಂತರಸಂತೆ ಕಡೆಯ ಒಂದೇ ಹಳ್ಳಿಯ ನಕ್ಷೆಯನ್ನು ಇಬ್ಬರೂ ಬರೆದು, ಎಲ್ಲಿ ಗಿಡ ನೆಡಬಹುದೆಂದು ತೋರಿಸಬೇಕು. ಗೆದ್ದ ಸಾಫ್ಟ್‌ವೇರ್ ಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ನಾಲ್ಕೂ ಕಚೇರಿಗೆ. ಅದನ್ನು ಬಲ್ಲವನಿಗೆ ಕೆಲಸ ಕಾಯಂ. ಇನ್ನೊಬ್ಬನಿಗೆ ಜಾಗವಿಲ್ಲ.

ನನ್ನ ನಕ್ಷೆ ಮೈಸೂರಿನಲ್ಲಿ ಒಂದೇ ದೊಡ್ಡ ಹಾಳೆಯಲ್ಲಿ ಮಿರಮಿರ ಅಚ್ಚಾಗಿ ಬಂತು. ಅವನ ಸಾಫ್ಟ್‌ವೇರಿಗೆ ಸಣ್ಣ ಹಾಳೆಯೇ ಗತಿ. ಹಾಳೆ ಹಾಳೆಯಾಗಿ ತೆಗೆದು, ಮೈದಾ ಅಂಟು ಕಾಯಿಸಿ, ಸಿನಿಮಾ ಪೋಸ್ಟರಿನ ಹಾಗೆ ಅಂಟಿಸಿದ. ಅದನ್ನು ಹಳ್ಳಿಗೆ ಒಯ್ದು ಮಾರಿಗುಡಿಯ ಮುಂದೆ ನೆಲದ ಮೇಲೇ ಹಾಸಿದ. ಇದು ನಿಮ್ಮೂರು, ಇದರ ಮೇಲೆ ಓಡಾಡಿ, ತಪ್ಪಿದ್ದರೆ ಬಯ್ಯಿರಿ ಎಂದು ಜನರನ್ನು ಕರೆದ. ಪುಟ್ಟಮ್ಮ ಎನ್ನುವ ಮುದುಕಿ ಮೊದಲು ಚಪ್ಪಲಿ ಬಿಟ್ಟಳು. ಕಾಗದಕ್ಕೆ ಯಾಕವ್ವ ಎಂದು ಯಾರೋ ಕೇಳಿದರು.

"ಇದ್ರಾಗೆ ಮಾರಮ್ಮನ ಗುಡಿ ಅದೆಯಲ್ಲಪ್ಪ. ಚಪ್ಲಿ ಆಕ್ಕೊಂಡು ತುಳಿಯಕಾದದಾ?" ಎಂದಳು.

ಊರಿಗೆ ಊರೇ ಬರಿಗಾಲಲ್ಲಿ ಆ ಅಂಟು ಹಾಳೆಗಳ ಮೇಲೆ ಓಡಾಡಿತು. ನಾನೂ ಹೋಗಿದ್ದೆ, ನನ್ನ ನಕ್ಷೆ ಸುತ್ತಿಕೊಂಡು ಕಂಕುಳಲ್ಲೇ ಇತ್ತು. ಬಿಚ್ಚು ಎಂದು ಒಬ್ಬರೂ ಕೇಳಲಿಲ್ಲ. ಟೀ ಕುಡಿದು ಬರುತ್ತೇನೆಂದು ಹೊರಟವನು ಸೀದಾ ಕೋಟೆಯ ಬಸ್ಸು ಹತ್ತಿದೆ.

ಮೇಡಂ ಮುಂದೆ ನಕ್ಷೆಗಳನ್ನು ಇಡುವ ಮೀಟಿಂಗಿಗೆ ಎರಡು ದಿನ ಇತ್ತು. ಬಶೀರ್ ನನ್ನ ನಕ್ಷೆಯ ಮುಂದೆ ನಿಂತು ಬಹಳ ಹೊತ್ತು ನೋಡಿದ. ಬಾಗಿಲ ಕಡೆ ಒಮ್ಮೆ ನೋಡಿ ತಗ್ಗಿದ ದನಿಯಲ್ಲಿ ಹೇಳಿದ.

"ಮಾದೇವಣ್ಣ, ಗಿಡ ನೆಡಾಕೆ ಅಂತ ಇಲ್ಲಿ ಹಸ್ರು ಬಳ್ದಿದ್ದೀರಲ್ಲ, ಅದು ಬೀಳು ಭೂಮಿ ಅಲ್ಲ ಕಣ್ರೀ. ಎಳೇ ಕೂಸುಗಳ್ನ ಮಣ್ಣು ಮಾಡೋ ಜಾಗ. ಗುರ್ತಿಗೆ ಕಲ್ಲು ನೆಡಾಕಿಲ್ಲ, ಅದ್ಕೇ ಸರ್ವೆನಾಗೆ ಇಲ್ಲ. ಪುಟ್ಟಮ್ಮನವೇ ಎರಡು ಕೂಸು ಅಲ್ಲಿ ಮಲಗವೆ. ತಿದ್ಕಳಿ."

ನಾನು ಟೀಗೆ ಎದ್ದುಹೋದ ಮೇಲೆ ಆ ಮುದುಕಿ ಹೇಳಿದ ಮಾತು ಅದು. ಬಶೀರ್ ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಕಥೆ ಮುಗಿಯುತ್ತಿತ್ತು. ಹಸಿರು ಅಳಿಸಿ, ಮಣ್ಣು ಮಾಡುವ ಜಾಗವೆಂದು ಗುರುತು ಹಾಕಿ, ಮಾರನೇ ದಿನ ಮೈಸೂರಿಗೆ ಓಡಿ ತಿದ್ದಿದ ಹಾಳೆ ತೆಗೆಸಿದೆ. ಅವನಿಗೆ ಒಂದು ಒಳ್ಳೇ ಮಾತೂ ಆಡಲಿಲ್ಲ.

ಮೀಟಿಂಗಿನಲ್ಲಿ ಮೇಡಂ ನನ್ನ ನಕ್ಷೆಯನ್ನೇ ಮೊದಲು ಬಿಚ್ಚಿಸಿದರು. ಆ ಗುರುತಿನ ಮೇಲೆ ಬೆರಳಿಟ್ಟು, ಇದು ಸರ್ವೆಯಲ್ಲಿ ಇಲ್ಲವಲ್ಲ, ನಿಮಗೆ ಹೇಗೆ ಗೊತ್ತಾಯಿತು ಎಂದರು. "ಹಳ್ಳಿಯಲ್ಲಿ ಕೇಳಿದೆ ಮೇಡಂ" ಎಂದೆ. ಬಶೀರ್ ನನ್ನನ್ನೇ ನೋಡುತ್ತಿದ್ದ. ಆಮೇಲೆ ಬಿಚ್ಚಿದ ಅವನ ನಕ್ಷೆಯಲ್ಲೂ ಅದೇ ಗುರುತು. ನನ್ನದನ್ನು ನೋಡಿ ಹಾಕಿದನೇನೋ ಎನ್ನುವ ಹಾಗೆ ಮೇಡಂ ಹುಬ್ಬೇರಿಸಿದರು. ಮೊದಲು ಹೇಳಿದ್ದು ತಾನೇ ಎಂದು ಅವನು ವಾದಿಸಲಿಲ್ಲ. ತನ್ನ ಸಾಫ್ಟ್‌ವೇರ್ ದೊಡ್ಡ ನಕ್ಷೆಗೆ ತಡವರಿಸುತ್ತದೆ, ದೊಡ್ಡ ಹಾಳೆಗೆ ಅಚ್ಚು ಹಾಕುವುದಿಲ್ಲ ಎಂದು ತಾನೇ ಒಪ್ಪಿಸಿದ. ನನ್ನದು ಆ ಬೀಗದ ತುಂಡು ಕಳೆದರೆ ಸತ್ತ ಹಾಗೆ ಎಂದು ನಾನು ಬಾಯಿಬಿಡಲಿಲ್ಲ. ಕೆಲಸ ನನಗಾಯಿತು.

ಅವನು ಕೋಟೆ ಬಿಡುವ ದಿನ ಬಸ್‌ಸ್ಟ್ಯಾಂಡಿಗೆ ಹೋದೆ. ಕಳಿಸಿಕೊಡಲು ಎಂದು ಎಲ್ಲರಿಗೂ ಹೇಳಿದ್ದೆ. ನಿಜವಾಗಿ ಹೋದದ್ದು ಅವನ ಸೋತ ಮುಖ ನೋಡಲು. ಹುಣಸೂರು ಬಸ್ಸಿನ ಕಿಟಕಿಯಲ್ಲಿ ಕಡಲೆಕಾಯಿ ಸುಲಿಯುತ್ತ ಕೂತಿದ್ದ. ನನಗೂ ಒಂದು ಹಿಡಿ ಕೊಟ್ಟ. ತಡೆಯಲಾರದೆ, ಮೀಟಿಂಗಿನಲ್ಲಿ ಯಾಕೆ ಸುಮ್ಮನಿದ್ದೆ ಎಂದು ಕೇಳಿಯೇಬಿಟ್ಟೆ.

"ನೀವೇ ಹೇಳ್ತೀರಿ ಅಂತ ಕಾಯ್ತಿದ್ದೆ ಕಣಣ್ಣ" ಎಂದ. "ಓಗ್ಲಿ ಬುಡಿ. ಕೂಸುಗಳ ಮ್ಯಾಲೆ ಗಿಡದ ಗುಂಡಿ ಬೀಳ್ನಿಲ್ವಲ್ಲ."

ಆ ಮಾತಿನಲ್ಲಿ ಎಲ್ಲಾದರೂ ಕಹಿ ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಬಸ್ಸು ಹೊರಟಿತು. ಕಾಯಂ ನೌಕರನಾದ ನಾನು ಕಡಲೆಕಾಯಿ ಹಿಡಿದು ಅಲ್ಲೇ ನಿಂತೆ. ಕೆಲಸ ಕಳೆದುಕೊಂಡು ಹೋಗುತ್ತಿದ್ದ ಅವನ ಮೇಲೆ ಆವತ್ತು ಉರಿದಷ್ಟು ನನ್ನ ಹೊಟ್ಟೆ ಹಿಂದೆಂದೂ ಉರಿದಿರಲಿಲ್ಲ. ಮತ್ತೆ ನಾನು ಬಶೀರನನ್ನು ನೋಡಲಿಲ್ಲ.