ಹೊಳೆಬಂಡೆಯ ಮೇಲೆ ಕೇಳಿದ ದನಿ

ಟೇಪು ಹಿಡಿದು ಅಳೆಯಲಾಗದ್ದನ್ನು ನಾನು ಒಪ್ಪುತ್ತಿರಲಿಲ್ಲ. ನಾನು ಜಮೀನು ಅಳೆಯುವವನು. ಮದ್ದೂರು, ಮಳವಳ್ಳಿ ಸುತ್ತಿನ ಗದ್ದೆಗಳ ಬದುಗಳ ಮೇಲೆ ಇಪ್ಪತ್ತು ವರ್ಷ ನಡೆದಿದ್ದೇನೆ. ಯಾರಾದರೂ ದೆವ್ವ, ಗಾಳಿ ಎಂದು ಶುರು ಮಾಡಿದರೆ ಎದ್ದು ಹೋಗುತ್ತಿದ್ದೆ. ಹಾಗಿದ್ದವನು ಈಗ ಇದನ್ನು ನಂಬಿ ಎಂದು ನಿಮ್ಮನ್ನು ಯಾವ ಬಾಯಲ್ಲಿ ಕೇಳಲಿ? ನಡೆದದ್ದನ್ನಷ್ಟೇ ಹೇಳುತ್ತೇನೆ.

ಆರು ವರ್ಷದ ಹಿಂದೆ ನನಗೆ ಬಿಳಿಮೀನು, ಅಂದರೆ ಮಹಶೀರ್, ಹಿಡಿಯುವ ಹುಚ್ಚು ಹತ್ತಿತ್ತು. ಮಳವಳ್ಳಿಯಿಂದಾಚೆ ಕಾವೇರಿ ಬಂಡೆಗಳ ನಡುವೆ ನುಗ್ಗುವ ಕಡೆ, ಅನುಮತಿ ಪಡೆದು ಗಾಳ ಹಾಕಲು ಬರುವವರನ್ನು ತೆಪ್ಪದಲ್ಲಿ ಕರೆದೊಯ್ಯುವ ಮಾದಣ್ಣ ಎಂಬುವನಿದ್ದ. ನನಗಿಂತ ಹತ್ತು ವರ್ಷ ದೊಡ್ಡವನು, ಮಾತು ಕಡಿಮೆ. ಯಾವ ಮಡುವಿಗೆ ಮೀನು ಯಾವಾಗ ಬರುತ್ತದೆ ಎಂಬುದು ಅವನಿಗೆ ಗೊತ್ತು. ಗಾಳಕ್ಕೆ ರಾಗಿಮುದ್ದೆಯ ಉಂಡೆ ಕಟ್ಟಿಕೊಡುವವನೂ ಅವನೇ. ಸಿಕ್ಕ ಮೀನಿನ ಫೋಟೊ ತೆಗೆದು ಮತ್ತೆ ನೀರಿಗೇ ಬಿಡಬೇಕೆಂಬುದು ಅಲ್ಲಿನ ನಿಯಮ. ನನಗೆ ಬಿಡುವ ಪ್ರಸಂಗವೇ ಬಂದಿರಲಿಲ್ಲ. ಎಂಟು ಭಾನುವಾರ ಹೋಗಿ ಎಂಟು ಸಲವೂ ಬರಿಗೈಯಲ್ಲಿ ವಾಪಸಾಗಿದ್ದೆ. ಮೂರು ಸಲ ಮೀನು ಕಚ್ಚಿತ್ತು; ದಾರ ಬಿಡಿ ಎಂದು ಮಾದಣ್ಣ ಪ್ರತಿ ವಾರ ಹೇಳುತ್ತಿದ್ದರೂ ನಾನು ಆತುರಪಟ್ಟು ಎಳೆದದ್ದರಿಂದ ದಾರ ಕಿತ್ತುಹೋಗಿತ್ತು. ಮನೆಯಲ್ಲಿ ಹೆಂಡತಿ ನಗುತ್ತಿದ್ದಳು. ಒಂದನ್ನಾದರೂ ಹಿಡಿಯದೆ ಬಿಡುವುದಿಲ್ಲ ಎಂದು ಹಟ ತೊಟ್ಟಿದ್ದೆ.

ಒಂಬತ್ತನೆಯ ಭಾನುವಾರ, ಬೆಳಗಿನ ಹತ್ತು ಗಂಟೆ. ಮಾದಣ್ಣ ನನ್ನನ್ನು ದಡಕ್ಕೆ ಅಂಟಿಕೊಂಡ ಒಂದು ದೊಡ್ಡ ಬಂಡೆಯ ಮೇಲೆ ಇಳಿಸಿದ. ಊಟದ ಚೀಲ ಆಚೆ ದಡದಲ್ಲೇ ಉಳಿದಿತ್ತು. ತಂದುಬಿಡುತ್ತೇನೆ ಎಂದು ತೆಪ್ಪ ತಿರುಗಿಸಿಕೊಂಡು ಒಬ್ಬನೇ ಹೋದ. ಬಂಡೆಗಳ ಮರೆಗೆ ತೆಪ್ಪ ಕಾಣದಾಯಿತು.

ನಾನು ಗಾಳ ಹಾಕಿ ಕೂತು ಕಾಲು ಗಂಟೆ ಕಳೆದಿರಬಹುದು. ರೀಲು ಒಮ್ಮೆಗೇ ಕಿರುಚಿತು. ಕೋಲು ಬಿಲ್ಲಿನಂತೆ ಬಾಗಿತು. ನಾನು ಎಂದಿನಂತೆ ಎಳೆಯಲು ಹೊರಟೆ. ಆಗ ಬೆನ್ನ ಹಿಂದೆ, ಎರಡು ಮಾರು ದೂರದಲ್ಲಿ, ಮಾದಣ್ಣನ ದನಿ ಕೇಳಿತು.

“ದಾರ ಬುಡಿ ಸಾ. ಎಳೀಬ್ಯಾಡಿ.”

ಇಷ್ಟು ಬೇಗ ಬಂದನೇ ಎಂದುಕೊಂಡೆ. ತಿರುಗಿ ನೋಡುವಷ್ಟು ಪುರಸೊತ್ತು ಮೀನು ಕೊಡಲಿಲ್ಲ. ದಾರ ಬಿಟ್ಟೆ. ಕೆಳಕ್ಕೆ ನಡೆಯಿರಿ, ಅದರ ಹಿಂದೆಯೇ ಹೋಗಿ ಎಂದಿತು ದನಿ. ದಡದ ಬಂಡೆಗಳ ಮೇಲೆ ಏಳುತ್ತಾ ಬೀಳುತ್ತಾ ಹೊಳೆಯ ಜೊತೆ ಇಳಿದೆ. ಮಂಡಿ ತರಚಿ ರಕ್ತ ಬಂತು. ಈ ಮೀನನ್ನು ಬಿಡಕೂಡದು ಎಂಬುದೊಂದೇ ತಲೆಯಲ್ಲಿತ್ತು. ಎಲ್ಲಿ ದಾರ ಬಿಡಬೇಕು, ಎಲ್ಲಿ ಸುತ್ತಬೇಕು ಎಂದು ದನಿ ಹೇಳುತ್ತಲೇ ಇತ್ತು.

ಸುಮಾರು ದೂರ ಹೋದ ಮೇಲೆ ನೀರು ನಿಂತ ಒಂದು ಮಡು ಸಿಕ್ಕಿತು. ಮೀನು ದಣಿದು ಮೇಲೆ ಬಂದು ಒಮ್ಮೆ ಮಗ್ಗುಲಾಯಿತು. ನನ್ನ ತೋಳಿನಷ್ಟು ಉದ್ದವಿತ್ತು. ದಡಕ್ಕೆ ತರಲು ಅದಕ್ಕಿಂತ ಒಳ್ಳೆಯ ಜಾಗ ಬೇರೆ ಇರಲಿಲ್ಲ. ನಾನು ಕಾಲೂರಿ ನಿಂತೆ.

“ಇಲ್ಲಿ ನಿಲ್‌ಬ್ಯಾಡಿ ಸಾ. ಇನ್ನೂ ಮುಂದ್ಕೋಗಿ.”

ಸಿಟ್ಟು ಬಂತು. ಆದರೂ ದನಿಯಲ್ಲಿದ್ದ ಅವಸರಕ್ಕೆ ಸೋತು, ದಾರ ಸಡಿಲಿಸಿ ತಿರುವು ದಾಟಿದೆ.

ಅಲ್ಲಿ ಮಾದಣ್ಣ ನೀರಿನಲ್ಲಿದ್ದ. ಹೊಳೆಮತ್ತಿ ಮರದ ಬೇರೊಂದನ್ನು ತಬ್ಬಿಕೊಂಡಿದ್ದ. ಮುಖ ಒಮ್ಮೆ ಮೇಲೆ ಬರುತ್ತಿತ್ತು, ಒಮ್ಮೆ ಮುಳುಗುತ್ತಿತ್ತು. ತೆಪ್ಪ ಇನ್ನೂ ಕೆಳಗೆ ಬಂಡೆಗೆ ಸಿಕ್ಕಿ ಬೋರಲಾಗಿತ್ತು. ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ.

ಯೋಚಿಸಲು ಹೊತ್ತಿರಲಿಲ್ಲ. ಚಾಕುವಿನಿಂದ ದಾರ ಕತ್ತರಿಸಿದೆ. ಕಾಲನ್ನು ಬೇರುಗಳ ಸಂದಿಗೆ ಸಿಕ್ಕಿಸಿ, ಬೋರಲು ಮಲಗಿ, ಅವನ ರಟ್ಟೆ ಹಿಡಿದೆ. ನೀರು ಅವನನ್ನು ಒಂದು ಕಡೆ ಎಳೆಯಿತು, ನಾನು ಒಂದು ಕಡೆ. ಕೈ ಮರಗಟ್ಟಿತು. ಹಲ್ಲು ಕಚ್ಚಿ ಹಿಡಿದೇ ಇದ್ದೆ. ಎಷ್ಟು ಹೊತ್ತೋ ಗೊತ್ತಿಲ್ಲ, ಕೊನೆಗೆ ಅವನ ಎದೆ ದಡಕ್ಕೆ ಬಂತು.

ಅವನು ನೀರು ಕಕ್ಕಿ, ಸುಧಾರಿಸಿಕೊಂಡ ಮೇಲೆ ಕೇಳಿದೆ: ಅಷ್ಟು ದೂರಕ್ಕೆ ನನ್ನನ್ನು ಹೇಗೆ ಕೂಗಿದೆ? ಅವನು ನನ್ನ ಮುಖವನ್ನೇ ನೋಡಿದ.

“ನಾನೆಲ್ಲಿ ಕೂಗ್ದೆ ಸಾ? ಬಾಯ್ ತುಂಬ ನೀರಿತ್ತು.”

ನನ್ನನ್ನು ಇಳಿಸಿ ಹೋದ ಐದೇ ನಿಮಿಷಕ್ಕೆ ಸುಳಿಗೆ ಸಿಕ್ಕಿ ತೆಪ್ಪ ಮಗುಚಿತ್ತಂತೆ.

ಇದನ್ನು ಇಷ್ಟಕ್ಕೇ ಬಿಡುವ ಜಾಯಮಾನ ನನ್ನದಲ್ಲ. ಅವನ ಭುಜದ ನೋವು ಇಳಿದ ಮೇಲೆ ಇಬ್ಬರೂ ಮತ್ತೆ ಅಲ್ಲಿಗೆ ಹೋದೆವು. ಟೇಪು ಹಿಡಿದು ಅಳೆದೆ. ನನ್ನ ಬಂಡೆಯಿಂದ ಆ ಬೇರಿಗೆ ನಾನೂರು ಮೀಟರಿಗೂ ಹೆಚ್ಚು, ನಡುವೆ ಹೊಳೆಯ ತಿರುವು. ಅವನನ್ನು ಅಲ್ಲಿ ನಿಲ್ಲಿಸಿ ಅದೇ ಮಾತುಗಳನ್ನು ಗಂಟಲು ಹರಿಯುವಂತೆ ಕೂಗಿಸಿದೆ. ನೀರಿನ ಭೋರ್ಗರೆತ ಬಿಟ್ಟು ಬೇರೇನೂ ಕೇಳಲಿಲ್ಲ. ಜಾಗ ಬದಲಿಸಿ ನಾನು ಕೂಗಿದೆ. ಅವನಿಗೂ ಕೇಳಲಿಲ್ಲ. ಆ ದಡದಲ್ಲಿ ಕುರಿ ಮೇಯಿಸುವವರನ್ನು ವಿಚಾರಿಸಿದೆ. ಅಂದು ಯಾರೂ ಆ ಕಡೆ ಬಂದಿರಲಿಲ್ಲ.

ಮಂಡ್ಯದ ಡಾಕ್ಟರ್ ಗೆಳೆಯನೊಬ್ಬ, ಎಂಟು ವಾರ ಕೇಳಿದ ಮಾತು ಆ ಗಾಬರಿಯಲ್ಲಿ ತಲೆಯೊಳಗೇ ಮೊಳಗಿರಬೇಕು ಎಂದ. ದಾರ ಬಿಡಿ ಎಂಬುದರ ಮಟ್ಟಿಗೆ ಒಪ್ಪುತ್ತೇನೆ. ಆದರೆ ಒಳ್ಳೆಯ ಮಡುವಿನಲ್ಲಿ ನಿಲ್ಲಬೇಡಿ ಎಂದು ಮಾದಣ್ಣ ನನಗೆ ಒಮ್ಮೆಯೂ ಹೇಳಿರಲಿಲ್ಲ. ಅವನಷ್ಟೇ ಅಲ್ಲ, ಮೀನು ಬಲ್ಲ ಯಾವನೂ ಹೇಳುವ ಮಾತಲ್ಲ ಅದು.

ಈಗಲೂ ಭಾನುವಾರ ಅವನ ಜೊತೆ ಹೋಗುತ್ತೇನೆ. ಹಿಂದಿನಿಂದ ಅವನು ಏನಾದರೂ ಹೇಳಿದರೆ, ಗಾಳಕ್ಕೆ ಮೀನು ಬಿದ್ದಿದ್ದರೂ ಸರಿಯೆ, ಮೊದಲು ತಿರುಗಿ ಅವನ ಬಾಯಿ ನೋಡುತ್ತೇನೆ. ಹಾಗೆ ನೋಡಲು ಹೋಗಿಯೇ ಇನ್ನೆರಡು ಮೀನು ಕಳೆದುಕೊಂಡಿದ್ದೇನೆ.