ನಾಲ್ಕು ಮಾತ್ರೆ ಬಿಟ್ಟುಕೊಟ್ಟವರು

ಮೊರದ ಅಕ್ಕಿಯನ್ನು ಅರ್ಧ ಆರಿಸಿಯಾಗಿತ್ತು. ಆಗ ಸಂಗೀತ ಸಭೆಯ ಕಾರ್ಯದರ್ಶಿ ಶೇಷಪ್ಪನವರ ಕಾಗದ ಬಂತು. ಶ್ರೀ ಉಜ್ಜಪ್ಪ ಮಾಸ್ತರರು ಮೂವತ್ತೊಂದು ವರ್ಷಗಳ ಉಪಾಧ್ಯಾಯ ವೃತ್ತಿಯಿಂದ ನಿವೃತ್ತರಾಗುತ್ತಿದ್ದಾರೆ, ಅಭಿನಂದನ ಗ್ರಂಥಕ್ಕೆ ಅವರ ತಬಲಾ ಸೇವೆಯನ್ನು ಕುರಿತು ಬರೆದುಕೊಡಿ ಎಂದಿತ್ತು. ಕೊನೆಗೊಂದು ಸಾಲು: "ಸೊರಬದಲ್ಲಿ ಅವರು ತಾಳ ತಪ್ಪಿದ ಪ್ರಸಂಗವನ್ನೂ ವಿನೋದವಾಗಿ ಸೇರಿಸಿರಿ, ಓದುಗರು ನಗಲಿ." ಅದನ್ನು ಓದಿದ ಮೇಲೆ ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸುತ್ತ ಕೂತೆ.

ನಮ್ಮ ಎರಡು ತಾಲ್ಲೂಕುಗಳಲ್ಲಿ ತಬಲಾ ಬಾರಿಸುವವರು ಇತರರೂ ಇದ್ದಾರೆ, ವೇಗದಲ್ಲಿ ಮಾಸ್ತರರನ್ನು ಮೀರಿಸುವವರೂ ಇದ್ದಾರೆ. ಆದರೆ ಹಾಡು ಹಾಡುವವರದ್ದೇ ಆಗಿ ಉಳಿಯುವಂತೆ ಬಾರಿಸುವವರು ನಾನು ಕಂಡಂತೆ ಇವರೊಬ್ಬರೇ. ಜನ ಚಪ್ಪಾಳೆ ತಟ್ಟುವುದು ಗುಡುಗಿದ ಕೈಗೆ. ತನ್ನ ಸದ್ದನ್ನು ತಾನೇ ತಗ್ಗಿಸಿಕೊಂಡ ಕೈಗೆ ಯಾರೂ ತಟ್ಟುವುದಿಲ್ಲ, ಏಕೆಂದರೆ ಅದು ಅಲ್ಲಿದೆಯೆಂಬುದೇ ಅವರಿಗೆ ತಿಳಿಯುವುದಿಲ್ಲ.

ಅವರು ತಾಳಗುಂದದ ಶಾಲೆಯಲ್ಲಿದ್ದಾಗ, ಶನಿವಾರ ಬೆಳಗಿನ ಪಾಠ ಮುಗಿಸಿ, ಬಸ್ಸು ಹಿಡಿದು, ಸೊರಬದಲ್ಲಿ ಬಂಗಾರಮ್ಮನವರು ನಡೆಸುತ್ತಿದ್ದ ಹೆಂಗಸರ ಸಂಗೀತದ ತರಗತಿಗೆ ಬರುತ್ತಿದ್ದರು. ಗಂಡ ತೀರಿಕೊಂಡ ಮೂರನೆಯ ವರ್ಷ ನಾನು ಅಲ್ಲಿ ಸೇರಿದೆ. ಮೊದಲ ದಿನ ಅವರು ನನ್ನನ್ನು ಕೇಳಿದ್ದು ರಾಗವನ್ನಲ್ಲ, ತಾಳವನ್ನಲ್ಲ. "ಈ ಸಾಲಿನಾಗೆ ಉಸಿರು ಎಲ್ಲಿ ತಗೋತೀರಿ, ಅಮ್ಮಾರೆ?" ಎಂದರು. ನಾನು ತೋರಿಸಿದ ಕಡೆಯಲ್ಲೆಲ್ಲ ಪೆನ್ಸಿಲಿನಿಂದ ಸಣ್ಣ ಗೆರೆ ಎಳೆದುಕೊಂಡರು. ಹಾಡಿದ ಪ್ರತಿಯೊಬ್ಬ ಹೆಂಗಸಿಗೂ ಅವರ ಬಳಿ ಹೀಗೊಂದು ಕಾಗದವಿತ್ತು. ಯಾರ ಉಸಿರು ಎಲ್ಲಿ ಮುಗಿಯುತ್ತದೆಂದು ನಮ್ಮ ನಮ್ಮ ಮನೆಯವರಿಗೆ ತಿಳಿದಿರಲಿಲ್ಲ, ಅವರಿಗೆ ತಿಳಿದಿತ್ತು.

ಹಾರ್ಮೋನಿಯಂ ಒತ್ತುತ್ತಲೇ ಬಂಗಾರಮ್ಮನವರು ಅವರನ್ನು ಕೆಣಕುತ್ತಿದ್ದರು. "ಏನ್ರೀ ಮಾಸ್ತರೆ, ನಿಮ್ಮ ತಬಲಕ್ಕೆ ಶನಿವಾರದ ಉಪವಾಸವಾ? ಸದ್ದೇ ಇಲ್ಲ!"

"ಹಾಡು ಕೇಳಿಸ್ತೈತಲ್ರೀ? ಸಾಕು ಬಿಡ್ರಿ."

1957ರ ನವೆಂಬರಿನಲ್ಲಿ ಸಂಗೀತ ಸಭೆಯವರು ಸೊರಬದಲ್ಲಿ ಮಧ್ಯಾಹ್ನದ ಕಾರ್ಯಕ್ರಮವೊಂದಕ್ಕೆ ನನ್ನನ್ನು, ಜೊತೆಗೆ ಬಾರಿಸಲು ಮಾಸ್ತರರನ್ನೂ ಬಂಗಾರಮ್ಮನವರನ್ನೂ ಕರೆದರು. ನಾನಿರುವುದು ಮೈದುನ ತ್ರ್ಯಂಬಕರ ಮನೆಯಲ್ಲಿ. ಅವರು ಕೆಟ್ಟವರಲ್ಲ, ಆದರೆ ಜನ ಏನೆಂದಾರು ಎಂಬ ಹೆದರಿಕೆ ಅವರಿಗೆ ಬಹಳ. "ಹಾಡಿ ಅತ್ತಿಗೆ, ಬೇಡ ಅನ್ನೂದಿಲ್ಲ. ಆದ್ರೆ ನಾಲ್ಕು ಜನರ ಎದುರು ನಗೆಪಾಟಲಾದ್ರೆ ಈ ಕ್ಲಾಸು ಗೀಸು ಎಲ್ಲ ಅವತ್ತಿಗೇ ಮುಗೀತು" ಎಂದರು. ಆ ತರಗತಿಯೊಂದನ್ನು ಬಿಟ್ಟರೆ ವಾರವಿಡೀ ನಾನು ಬಾಯಿ ತೆರೆಯುತ್ತಿದ್ದುದು ಉಪ್ಪು ಸಾಕೋ ಬೇಕೋ ಎಂದು ಕೇಳುವುದಕ್ಕೆ.

ನಮ್ಮ ಕಡೆಯ ಸಭೆಗಳಲ್ಲಿ ಮುಂದಿನ ಸಾಲಿನ ಹಿರಿಯರು ತೊಡೆಯ ಮೇಲೆ ತಾಳ ಹಾಕುತ್ತ ಕೂರುವುದು ವಾಡಿಕೆ. ಹಾಡುವವರಿಗೆ ಅದೊಂದು ಪರೀಕ್ಷೆಯೇ ಸರಿ. ಅಂದು ಒಂದು ಸುತ್ತಿಗೆ ಹದಿನಾರು ಎಣಿಕೆಯ, ಅಂದರೆ ಹದಿನಾರು ಮಾತ್ರೆಯ ತೀನ್‌ತಾಳ. ಪಲ್ಲವಿ ಚೆನ್ನಾಗಿಯೇ ಹೋಯಿತು. ಎರಡನೆಯ ಚರಣಕ್ಕೆ ಮುನ್ನ ಹಾರ್ಮೋನಿಯಂ ಒಂಟಿಯಾಗಿ ನುಡಿಯುತ್ತಿದ್ದಾಗ, ಹಿಂದಿನ ಬೆಂಚಿನಿಂದ ತ್ರ್ಯಂಬಕರು ಎದ್ದು ನಿಂತದ್ದು ಕಂಡಿತು. ಹೊರಟೇಬಿಟ್ಟರೇ? ನನ್ನ ಎಣಿಕೆ ಅಲ್ಲಿಗೆ ನಿಂತಿತು. ಗಾಬರಿಯಲ್ಲಿ ನಾಲ್ಕು ಮಾತ್ರೆ ಮೊದಲೇ ಚರಣ ಎತ್ತಿಬಿಟ್ಟೆ.

ಎತ್ತಿದ ಕ್ಷಣಕ್ಕೇ ತಿಳಿಯಿತು. ಮಾಸ್ತರರು ತಮ್ಮ ಲೆಕ್ಕದಲ್ಲೇ ನಡೆದಿದ್ದರೆ ಅವರದ್ದೇ ಸರಿ, ನನ್ನ ತಪ್ಪು ಒಡೆದು ಕಾಣುತ್ತಿತ್ತು. ಅವರು ನಡೆಯಲಿಲ್ಲ. ಉಳಿದ ನಾಲ್ಕು ಮಾತ್ರೆಗಳನ್ನು ಅಲ್ಲೇ ಬಿಟ್ಟು, ನನ್ನ ಮೊದಲ ಅಕ್ಷರ ಬಿದ್ದ ಕಡೆಯೇ ತಾಳದ ಮೊದಲ ಏಟನ್ನಿಟ್ಟರು. ಬಂಗಾರಮ್ಮನವರು ಬೆಚ್ಚಿ ಅವರ ಕೈ ನೋಡಿ ಹಿಂಬಾಲಿಸಿದರು. ಹಾಡು ಎಲ್ಲೂ ಬಿರುಕು ಬಿಡದೆ ಮುಂದೆ ಹೋಯಿತು. ತಾಳ ಬಿಟ್ಟು ನೆಗೆದದ್ದು ತಬಲಾ ಎಂದೇ ಎಲ್ಲರೂ ತಿಳಿದರು. ಮುಂದಿನ ಸಾಲಿನ ಕೈಗಳು ತೊಡೆಯ ಮೇಲೆ ನಿಂತುಹೋದವು. ಹಿರಿಯರೆಲ್ಲ ಮಾಸ್ತರರ ಮುಖ ನೋಡಿದರು.

ಮುಗಿದ ಮೇಲೆ ಶೇಷಪ್ಪನವರು ಎಲ್ಲರ ಎದುರೇ ಅಂದರು: "ಮೂವತ್ತು ವರ್ಷ ಬಾರಿಸಿ ಹದಿನಾರು ಎಣಿಸೋಕೆ ಬರಲಿಲ್ವೇನ್ರೀ? ಆ ಅಮ್ಮ ಗಟ್ಟಿ, ಸಂಭಾಳಿಸಿಕೊಂಡ್ರು. ಶಾಲೇಲಿ ಮಕ್ಕಳಿಗೆ ಮಗ್ಗಿ ಯಾರು ಹೇಳಿಕೊಡ್ತಾರೆ?"

ಜನ ನಕ್ಕರು. ಮಾಸ್ತರರು ತಬಲಕ್ಕೆ ಬಟ್ಟೆ ಸುತ್ತುತ್ತ, "ತಪ್ಪಾತು ಬಿಡ್ರಿ, ಕೈ ಜಾರ್ತು" ಎಂದರು. ನನ್ನ ಕಡೆ ತಿರುಗಿ ನೋಡಲೂ ಇಲ್ಲ. ನೋಡಿದ್ದರೆ ನಾನು ಬಾಯಿಬಿಡುತ್ತಿದ್ದೆನೋ ಏನೋ. ಬಾಗಿಲ ಬಳಿ ತ್ರ್ಯಂಬಕರು ನಿಂತಿದ್ದರು. ಅವರು ಎದ್ದದ್ದು ಹೊರಡಲಿಕ್ಕಲ್ಲ, ಬಿಸಿಲು ಬೀಳುತ್ತಿದ್ದ ಕಿಟಕಿ ಮುಚ್ಚಲಿಕ್ಕೆ. "ಅತ್ತಿಗೆ, ಮರ್ಯಾದೆ ಉಳಿಸಿದ್ರಿ" ಎಂದರು. ನಾನು ಚಪ್ಪಲಿ ಮೆಟ್ಟಿ ಅವರ ಹಿಂದೆ ಮನೆಗೆ ನಡೆದೆ.

ಮರುವರ್ಷ ಸಭೆಯವರು ಸಾಗರದಿಂದ ಬೇರೆಯವರನ್ನು ಕರೆಸಿದರು. ಮಾಸ್ತರರಿಗೆ ಮತ್ತೆ ಕರೆ ಹೋಗಲಿಲ್ಲ. ಆದರೂ ಅವರು ಶನಿವಾರಗಳನ್ನು ತಪ್ಪಿಸಲಿಲ್ಲ. ಆ ಮಾತನ್ನು ನನ್ನೆದುರು ಒಮ್ಮೆಯೂ ಎತ್ತಲಿಲ್ಲ. ಇಂದು ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹನ್ನೊಂದು ಹೆಂಗಸರು ನನ್ನಿಂದ ಹಾಡು ಕಲಿಯುತ್ತಿದ್ದಾರೆ. ಆ ಕೋಣೆಯನ್ನು ಬಿಟ್ಟುಕೊಟ್ಟವರು ತ್ರ್ಯಂಬಕರು, ಅತ್ತಿಗೆ ತಾಳ ತಪ್ಪುವವಳಲ್ಲ ಎಂಬ ಹೆಮ್ಮೆಯಿಂದ. ಇದನ್ನು ಬರೆದರೆ ಆ ಬಾಗಿಲು ತೆರೆದೇ ಇರುತ್ತದೆಂದು ಹೇಳಲಾರೆ.

ಆದರೂ ಬರೆಯುತ್ತೇನೆ. ಸೊರಬದಲ್ಲಿ ತಾಳ ತಪ್ಪಿದವಳು ನಾನು. ಮಾಸ್ತರರು ತಪ್ಪಲಿಲ್ಲ. ಶೇಷಪ್ಪನವರಲ್ಲಿ ನನ್ನ ವಿನಂತಿ ಇಷ್ಟೇ: ಉಳಿದುದರಲ್ಲಿ ಏನನ್ನಾದರೂ ತಿದ್ದಲಿ, ಈ ಎರಡು ವಾಕ್ಯಗಳನ್ನು ಮುಟ್ಟದಿರಲಿ.

ಪೂಜ್ಯ ಮಾಸ್ತರರಿಗೆ ದೇವರು ನೂರು ವರ್ಷ ಕೊಡಲಿ, ಕೈಗೂ ಕಿವಿಗೂ ಇದೇ ಶಕ್ತಿ ಉಳಿಯಲಿ. ಶಾಲೆಯ ಗಂಟೆಯ ಹಂಗು ತೀರಿದ ಮೇಲೆ ಶನಿವಾರವಷ್ಟೇ ಅಲ್ಲದೆ ಉಳಿದ ದಿನಗಳಲ್ಲೂ ಅವರು ಹಾಡುವವರ ಪಕ್ಕದಲ್ಲಿ ಕೂರುವಂತಾಗಲಿ.

ಇಷ್ಟು ಬರೆದಾಗ ಜಗಲಿಯಿಂದ ತ್ರ್ಯಂಬಕರ ದನಿ ಕೇಳಿತು: "ಲೇಖನ ಆಯ್ತಾ ಅತ್ತಿಗೆ? ಕೊಡಿ, ಒಂದ್ಸಲ ಓದಿ ನಾನೇ ಅಂಚೆಗೆ ಹಾಕ್ತೆ."

"ಇನ್ನೊಂದು ಸಾಲು ಬಾಕಿ ಇದೆ" ಎಂದೆ.

ನಾಳೆ ಅವರು ಎದ್ದು ಕಾಫಿ ಕೇಳುವುದರೊಳಗೆ ನಾನು ಅಂಚೆ ಪೆಟ್ಟಿಗೆಯವರೆಗೆ ಹೋಗಿ ಬಂದಿರುತ್ತೇನೆ.