ಅಕ್ಕನ ಹೆರಿಗೆ ಕಡತಗಳು

ನಿಘಂಟು ಕಚೇರಿಯಲ್ಲಿ ಎಲ್ಲರೂ ಅವನನ್ನು ಕಡತಣ್ಣ ಎಂದೇ ಕರೆಯುತ್ತಿದ್ದರು. ಕರಡು ತಿದ್ದುವುದು ಅವನ ಕೆಲಸ. ಅದಕ್ಕೆ ಬಳಸುತ್ತಿದ್ದ ಎಡಿಟರ್ ಎಂಬ ಕಂಪ್ಯೂಟರ್ ತಂತ್ರಾಂಶದಲ್ಲಿ ಒಂದು ಕಡತದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು. ಬೇಸತ್ತು, ತಾನೇ ಕಲಿತು, ಅದಕ್ಕೆ ಜೋಡಿಸುವ ಪುಟ್ಟ ಪ್ರೋಗ್ರಾಂ, ಒಂದು ಪ್ಲಗಿನ್, ಬರೆದ. ಪರದೆಯ ಎಡಗಡೆ ಫೋಲ್ಡರುಗಳ ಪಟ್ಟಿ. ಅಲ್ಲೇ ಕಡತ ತೆರೆಯಬಹುದು, ಹೆಸರು ಬದಲಿಸಬಹುದು, ಅಳಿಸಬಹುದು. ಬೇಕಾದವರು ಬಳಸಲಿ ಎಂದು ಇಂಟರ್ನೆಟ್ಟಿಗೆ ಹಾಕಿದ. ಗುರುತು ಪರಿಚಯವಿಲ್ಲದ ಸಾವಿರಾರು ಜನ ಇಳಿಸಿಕೊಂಡರು, ಹಿಂದೆಯೇ ದೂರುಗಳೂ ಬಂದವು. ಆರು ವರ್ಷ ಊಟದ ಬಿಡುವಿನಲ್ಲಿ ಕೂತು ರಿಪೇರಿ ಮಾಡಿದ. "ನಿಮ್ಮ ಮೊದಲ ಹೆಂಡ್ತಿ ಕರೀತಿದಾಳೆ ನೋಡಿ," ಎಂದು ಹೆಂಡತಿ ಕಂಪ್ಯೂಟರಿನ ಕಡೆ ಕೈತೋರಿಸಿ ನಗುತ್ತಿದ್ದಳು.

ಅವನ ಅಕ್ಕ ಮೂವತ್ತೊಂದು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ಪ್ರತಿ ಹೆರಿಗೆಯ ಬಗ್ಗೆಯೂ ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆದಿಟ್ಟಿದ್ದಳು: ತಾಯಿ ಯಾರನ್ನು ಕೂಗಿದಳು, ಹೊರಗೆ ಯಾರು ಕಾದಿದ್ದರು, ಮಗು ಅತ್ತಿತೋ ಇಲ್ಲವೋ. ನಿವೃತ್ತಳಾದ ಮೇಲೆ ಎರಡು ವರ್ಷ ಕೂತು ಅದನ್ನೆಲ್ಲ ಟೈಪ್ ಮಾಡಿದಳು. ಎಡಿಟರನ್ನೂ ಪ್ಲಗಿನ್ನನ್ನೂ ಹಾಕಿಕೊಟ್ಟವನು ತಮ್ಮನೇ. ಕೆಲಸ ಮುಗಿದಾಗ, "ಗೆದ್ದಲು ಹಿಡಿದ ಈ ಪುಸ್ತಕಗಳು ಇನ್ನು ಯಾಕಕ್ಕ?" ಎಂದು ನೋಟ್‌ಬುಕ್ಕುಗಳನ್ನು ರದ್ದಿಗೆ ಹಾಕಿದವನೂ ಅವನೇ. ಟೈಪ್ ಮಾಡಿದ್ದರ ಇನ್ನೊಂದು ಪ್ರತಿ ತೆಗೆದಿಡಬೇಕು ಎಂದುಕೊಂಡವನು ಮರೆತ.

ಆ ಬೇಸಿಗೆಯಲ್ಲಿ ಅಪರಿಚಿತನೊಬ್ಬ ಬರೆದಿದ್ದ: ಪಟ್ಟಿಯಲ್ಲಿ ಶಾರ್ಟ್‌ಕಟ್, ಅಂದರೆ ಫೋಲ್ಡರಿಗೆ ದಾರಿ ತೋರುವ ಬಾಣದ ಗುರುತಿನ ಕೊಂಡಿ, ಅಳಿಸಿದರೆ ಅಸಲಿ ಫೋಲ್ಡರೇ ಅಳಿದುಹೋಗುತ್ತಿದೆ. 'ಭಾನುವಾರ ನೋಡುತ್ತೇನೆ' ಎಂದು ಕಡತಣ್ಣ ಉತ್ತರಿಸಿದ. ಒಂಬತ್ತು ಭಾನುವಾರ ಕಳೆದವು.

ಒಂದು ಬೆಳಿಗ್ಗೆ ಅಕ್ಕ ಕಚೇರಿಗೆ ಫೋನ್ ಮಾಡಿದಳು. "ವಾರ್ಡಿನ ಫೋಲ್ಡರು ಎರಡು ಕಡೆ ಕಾಣ್ತಿತ್ತು ಕಣೋ. ಬಾಣದ ಗುರುತು ಇರೋದನ್ನ ಅಳಿಸ್ದೆ. ಈಗ ಎರಡೂ ಇಲ್ಲ. ಎಲ್ಲಿ ಹೋಯ್ತು?"

ಅವನು ಆಗಲೇ ಎದ್ದು ನಿಂತಿದ್ದ. "ಏನೂ ಮುಟ್ಬೇಡಕ್ಕ, ಬಂದೆ."

ಕಂಪ್ಯೂಟರನ್ನು ಹೊತ್ತು ಮೂರು ರಿಪೇರಿ ಅಂಗಡಿ ಅಲೆದ. ಮರಳಿ ಸಿಕ್ಕಿದ್ದು ಹನ್ನೊಂದು ಕಡತಗಳ ಹೆಸರು ಮಾತ್ರ; ತೆರೆದರೆ ಒಳಗೆ ಖಾಲಿ.

ಮಾರನೆಯ ದಿನ ದೋಷ ಹುಡುಕಿದ. ಬದಲಿಸಬೇಕಾದದ್ದು ಎರಡೇ ಸಾಲು. ಇಪ್ಪತ್ತು ನಿಮಿಷ ಹಿಡಿಯಿತು. ಹೊಸ ಆವೃತ್ತಿ ಬಿಟ್ಟೊಡನೆ ಆ ಅಪರಿಚಿತ, 'ಭೇಷ್! ಬೇರೆಯವರಾದರೆ ವರ್ಷ ಹಿಡಿಯುತ್ತಿತ್ತು, ಬೇಗ ಸರಿಮಾಡಿದಿರಿ' ಎಂದು ಬರೆದ. ಕಡತಣ್ಣ ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿ, ಅತ್ತ.

ಸಂಜೆ ಅಕ್ಕನ ಮನೆಗೆ ಹೋಗಿ ಹೇಳಿಯೇಬಿಟ್ಟ: "ಆ ತಪ್ಪು ನಂಗೆ ಮೊದಲೇ ಗೊತ್ತಿತ್ತಕ್ಕ."

ಅವಳು ಕುರ್ಚಿಯೊಂದನ್ನು ಎಳೆದು ಅವನ ಮುಂದೆ ಇಟ್ಟಳು. ಆಮೇಲೆ, "ಬೈದ್ರೆ ವಾಪಸ್ ಬರುತ್ತಾ? ಕೂತ್ಕೋ. ನೆನಪಿರೋದನ್ನ ಹೇಳ್ತೀನಿ, ಬರ್ಕೋ," ಎಂದಳು.

ಒಂದು ತಿಂಗಳು ದಿನಾ ಸಂಜೆ ಅವಳು ಹೇಳಿದಳು, ಅವನು ಟೈಪ್ ಮಾಡಿದ. ಲಿಫ್ಟಿನಲ್ಲೇ ಹುಟ್ಟಿದ ಮಗು, ನೋವಿನಲ್ಲಿ ನರ್ಸಿನ ಕೈ ಕಚ್ಚಿದ ಬಸುರಿ, ಹೊರಗೆ ಕಾದು ಕಾದು ತಾನೇ ಮೂರ್ಛೆ ಹೋದ ಗಂಡ. ಹದಿನೇಳು ಹೆರಿಗೆಗಳಾದವು. ಹದಿನೆಂಟನೆಯದರ ನಡುವೆ ಅವಳು ತಡೆದಳು.

"ನಿಲ್ಸು. ಅಮ್ಮಾ ಅಂತ ಕೂಗಿದ್ದು ಇವಳೋ ಬೇರೆಯವಳೋ ಗೊತ್ತಾಗ್ತಿಲ್ಲ. ನಾನೀಗ ಕಟ್ಟಿ ಹೇಳ್ತಿದೀನಿ."

"ಪರವಾಗಿಲ್ಲಕ್ಕ, ಹೇಳು."

"ಪರವಾಗಿದೆ. ಅವರೆಲ್ಲ ನಿಜವಾದ ಜನ ಕಣೋ."

ಕಡತಣ್ಣ ಪ್ಲಗಿನ್ನನ್ನು ಬೇರೊಬ್ಬರಿಗೆ ವಹಿಸಿಬಿಟ್ಟ. ಅಕ್ಕನ ಮನೆಗೆ ಈಗಲೂ ಹೋಗುತ್ತಾನೆ. ಅವಳು ಟೀ ಕೊಡುತ್ತಾಳೆ, ಮಂಡಿನೋವಿನ ಬಗ್ಗೆ, ಪಕ್ಕದ ಮನೆಯ ನಾಯಿಯ ಬಗ್ಗೆ ಮಾತಾಡುತ್ತಾಳೆ. ಹೆರಿಗೆ ವಾರ್ಡಿನ ಸುದ್ದಿಯನ್ನು ಮಾತ್ರ ಎತ್ತುವುದಿಲ್ಲ. ಕೇಳುವ ಧೈರ್ಯ ಅವನಿಗಿಲ್ಲ.